ಹನ್ನೊಂದು ದಿನ ನಿಂತ ಮಗ್ಗ

ಇಪ್ಪತ್ತೆರಡು ವರ್ಷಗಳಿಂದ ಲಿಂಗಪ್ಪನ್ ಲಂಡನ್ನಿನ ರೇಷನ್ ಸಾಲಿನಲ್ಲಿ ನಿಂತಿದ್ದ. ವರ್ಷಕ್ಕೊಮ್ಮೆ, ಪೊಂಗಲ್ ರಜೆ ಮುಗಿದ ಮೇಲೆ, ಬಿ.ಎ. ಕೊನೆಯ ವರ್ಷದವರಿಗೆ ಎರಡನೆಯ ಮಹಾಯುದ್ಧದ ಪಾಠ ಹೇಳುವಾಗ ತಾನೂ ಅಲ್ಲಿದ್ದವನಂತೆ ಹೇಳುತ್ತಿದ್ದ. ರಾಜನ ಅರಮನೆಗೂ ರೇಷನ್ ಪುಸ್ತಕ, ಬಂದರಿನ ಕೂಲಿಯ ಮನೆಗೂ ರೇಷನ್ ಪುಸ್ತಕ. ಬಟ್ಟೆಗೆ ತಲೆಯೊಂದಕ್ಕೆ ವರ್ಷಕ್ಕೆ ಅರವತ್ತಾರು ಕೂಪನ್ನು. ಬಾಂಬಿಗೆ ಹೆದರಿ ಹಳ್ಳಿಗಳಿಗೆ ಕಳಿಸಿದ ಮಕ್ಕಳ ಕೊರಳಲ್ಲಿ ಹೆಸರಿನ ಚೀಟಿ. ಆ ಮಕ್ಕಳ ಹೇನು ತುಂಬಿದ ತಲೆ ನೋಡಿದಾಗಲೇ ದೊಡ್ಡ ಮನೆಯ ಹೆಂಗಸರಿಗೆ ತಮ್ಮ ದೇಶದಲ್ಲಿ ಇಂಥ ಬಡತನವೂ ಇದೆಯೆಂದು ಗೊತ್ತಾದದ್ದು. ಒಂದು ಯುದ್ಧ ಒಂದು ದೇಶಕ್ಕೆ ನಾಚಿಕೆ ಕಲಿಸಿತು ಎಂದು ತಮಿಳಿನಲ್ಲಿ ಹೇಳಿ, ಒಂದು ಗಳಿಗೆ ಸುಮ್ಮನಿದ್ದು, ಬೋರ್ಡಿನ ಕಡೆ ತಿರುಗುತ್ತಿದ್ದ. ಪ್ರತಿ ವರ್ಷವೂ ಅದೇ ಜಾಗದಲ್ಲಿ ಸುಮ್ಮನಾಗುತ್ತಿದ್ದನಾದ್ದರಿಂದ ಹಿಂದಿನ ಬೆಂಚಿನವರಿಗೆ ಅದು ಮೊದಲೇ ಗೊತ್ತಿರುತ್ತಿತ್ತು. ಈ ವರ್ಷದಿಂದ ಇಂಗ್ಲೆಂಡಿನ ಇತಿಹಾಸದ ಆ ಪೇಪರನ್ನೇ ತೆಗೆದುಹಾಕಿದ್ದರು. ಹಿಂದೆ ಫೇಲಾದವರಿಗೆ ಇದೇ ಕೊನೆಯ ಪರೀಕ್ಷೆ, ಇದರಲ್ಲಿ ನಲವತ್ತು ಬಾರದವರಿಗೆ ಡಿಗ್ರಿ ಇಲ್ಲ ಎಂದು ಸುತ್ತೋಲೆ ಬಂದಿತ್ತು. ಇಷ್ಟು ವರ್ಷ ಯಾರ ಮನೆಯ ಸಾಲಿನಲ್ಲಿ ನಿಂತಿದ್ದೆನೋ ಅವರೇ ಬಾಗಿಲು ಹಾಕಿಕೊಂಡರು ಅಂತ ಅವನಿಗೆ ಬೆಳಿಗ್ಗೆ ಸೋಮನೂರಿನಿಂದ ಕೊಯಮತ್ತೂರಿಗೆ ಬರುವ ಬಸ್ಸಿನಲ್ಲಿ ಅನಿಸಿತ್ತು. ಅನಿಸಿದ್ದಕ್ಕೆ ಸಿಟ್ಟೂ ಬಂದಿತ್ತು. ಯಾರ ಮೇಲೆ ಎಂದು ಕೇಳಿದ್ದರೆ ಹೇಳುವುದು ಕಷ್ಟ.

ಮೌಲ್ಯಮಾಪನ ನಡೆಯುತ್ತಿದ್ದದ್ದು ಒಂದು ಕಾಲೇಜಿನ ಪರೀಕ್ಷಾ ಹಾಲಿನಲ್ಲಿ. 1986ರ ಮೇ ತಿಂಗಳ ಸೆಕೆ. ಮೇಲೆ ಫ್ಯಾನುಗಳು ಬಿಸಿ ಗಾಳಿಯನ್ನೇ ತಿರುಗಿಸಿ ತಿರುಗಿಸಿ ಕೊಡುತ್ತಿದ್ದವು. ಬೆಳಿಗ್ಗೆ ಇಪ್ಪತ್ತು ಪೇಪರು, ಮಧ್ಯಾಹ್ನ ಇಪ್ಪತ್ತು. ತಿದ್ದುವವರಿಗೆ ಕೆಂಪು ಶಾಯಿ, ಅವರನ್ನು ತಿದ್ದುವ ಚೀಫಿಗೆ ಹಸಿರು. ಚೀಫ್ ಗೋಪಾಲಸಾಮಿಯವರು ಬೆಳಿಗ್ಗೆಯಿಂದ ಹಾಲಿನ ಉದ್ದಕ್ಕೂ ಕೈ ಹಿಂದೆ ಕಟ್ಟಿಕೊಂಡು ಓಡಾಡುತ್ತಿದ್ದರು. ಇಂಗ್ಲೆಂಡಿನಲ್ಲಿ ಒಂದು ವರ್ಷ ಇದ್ದು ಬಂದವರು; ಅದಾಗಿ ಇಪ್ಪತ್ತು ವರ್ಷವಾಗಿದ್ದರೂ ಮೊನ್ನೆ ತಾನೇ ಅಲ್ಲಿಂದ ಇಳಿದವರಂತೆ ಇಲ್ಲಿಯ ಚಹಾಕ್ಕೆ ಮುಖ ಸಿಂಡರಿಸುತ್ತಿದ್ದರು. ಪ್ರತಿ ಮೇಜಿನ ಮೇಲೂ ಉತ್ತರಸೂಚಿಯ ಸೈಕ್ಲೋಸ್ಟೈಲ್ ಪ್ರತಿ ಇತ್ತು. ಇಪ್ಪತ್ತು ಅಂಕದ ಐದನೆಯ ಪ್ರಶ್ನೆ, 'ಯುದ್ಧಕ್ಕೆ ಮುಂಚೆ ಮತ್ತು ಯುದ್ಧಕಾಲದಲ್ಲಿ ಬ್ರಿಟಿಷರ ಜನಜೀವನದಲ್ಲಾದ ಸಾಮಾಜಿಕ, ರಾಜಕೀಯ ಬದಲಾವಣೆಗಳನ್ನು ವಿವರಿಸಿ.' ಅದಕ್ಕೆ ಬರಬೇಕಾದ ಹನ್ನೆರಡು ಅಂಶಗಳನ್ನು ಬರೆದುಕೊಟ್ಟವನು ಲಿಂಗಪ್ಪನ್‌ನೇ. ಎರಡನೆಯ ಅಂಶ, ನಿರುದ್ಯೋಗಿಗಳ ಮನೆಗೆ ಬಂದು ಕುರ್ಚಿ ಮೇಜು ಎಣಿಸುತ್ತಿದ್ದ ಅಧಿಕಾರಿಗಳು. ಏಳನೆಯದು, ಹೆಂಗಸರು ಕಾರ್ಖಾನೆಗೆ ಹೋದದ್ದು, ಅದರಿಂದ ಬೆಳೆದ ಆತ್ಮಗೌರವ. ಹನ್ನೆರಡನೆಯದು, ಯುದ್ಧ ಮುಗಿಯುತ್ತಲೇ ಜನ ಸರ್ಕಾರ ಬದಲಿಸಿದ್ದು. ಟೈಪ್ ಮಾಡಿದ ದಿನ ಆ ಹನ್ನೆರಡೂ ಅವನಿಗೆ ಚೊಕ್ಕವಾಗಿ, ಒಗೆದು ಮಡಿಸಿಟ್ಟ ಬಟ್ಟೆಯಂತೆ ಕಂಡಿದ್ದವು.

ಒಂಬತ್ತನೆಯ ಪೇಪರಿನವಳು ಕೊನೆಯ ಪ್ರಶ್ನೆಯನ್ನೇ ಮೊದಲು ಬರೆದಿದ್ದಳು. ಹೆಸರಿಲ್ಲ, ನಂಬರು ಮಾತ್ರ. ಕಟ್ಟಿನ ಮೇಲೆ 'ಮಹಿಳಾ ಕಾಲೇಜು, ಮೂರನೆಯ ಪ್ರಯತ್ನ' ಎಂದಿತ್ತು. ತಮಿಳಿನ ದುಂಡು ಅಕ್ಷರ, ಶಾಯಿ ಅಲ್ಲಲ್ಲಿ ಬೆವರಿಗೆ ಕಲಸಿತ್ತು. ಮೊದಲ ಪ್ಯಾರಾ ಚೆನ್ನಾಗಿಯೇ ಇತ್ತು: ಯುದ್ಧಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಕೆಲಸವಿಲ್ಲದವನ ಮನೆಗೆ ಅಧಿಕಾರಿ ಬಂದು ಸಾಮಾನು ಎಣಿಸುತ್ತಿದ್ದ, ಕುರ್ಚಿ ಹೆಚ್ಚಿದ್ದರೆ ನೆರವು ಇಲ್ಲ. ಲಿಂಗಪ್ಪನ್ ಎರಡನೆಯ ಅಂಶಕ್ಕೆ ಗುರುತು ಹಾಕಿದ. ಆಮೇಲೆ ಅವಳು ಬರೆದಿದ್ದಳು, 'ಎಣಿಸುವವರು ನಮ್ಮ ಬೀದಿಗೂ ಬಂದರು. ಇದು ಪುಸ್ತಕದಲ್ಲಿಲ್ಲ. ಆಗ ನಮ್ಮದೂ ಅದೇ ಸರ್ಕಾರ, ಅದೇ ಯುದ್ಧ. ಆದ್ದರಿಂದ ಇದನ್ನೂ ಬರೆಯುತ್ತೇನೆ.' ಅಲ್ಲಿಂದ ಮುಂದೆ ಅಜ್ಜಿಗೆ ತಮಿಳಿನಲ್ಲಿ ಪಾಟ್ಟಿ ಎಂದು ಬರೆಯಬೇಕಾದ ಕಡೆಯಲ್ಲೆಲ್ಲ ತಮಿಳು ಅಕ್ಷರದಲ್ಲಿ 'ಅವ್ವ' ಎಂದಿತ್ತು. ಅವನ ಕೈ ನಿಂತಿತು. ಅದು ಮನೆಯೊಳಗೆ ಮಾತ್ರ ಆಡುವ ಕನ್ನಡದ ಮಾತು, ಅವನಿಗೆ ಕನ್ನಡ ಅಕ್ಷರ ಓದಲೂ ಬಾರದು, ಬೀದಿಗೆ ಕಾಲಿಟ್ಟರೆ ನಾಲಗೆ ತಾನಾಗಿ ತಮಿಳಿಗೆ ತಿರುಗುವುದು. ಆ ಮಾತು ಇಲ್ಲಿ, ಈ ಹಾಲಿನಲ್ಲಿ, ಕೆಂಪು ಶಾಯಿಯ ಕೆಳಗೆ ಕೂತಿತ್ತು. ಸುತ್ತ ಒಮ್ಮೆ ಕಣ್ಣಾಡಿಸಿದ. ಯಾರೂ ನೋಡುತ್ತಿರಲಿಲ್ಲ. ನೋಡಿದರೆ ಏನಂತೆ ಎಂದುಕೊಂಡ, ಆದರೂ ಪೇಪರಿನ ಮೇಲೆ ಮೊಣಕೈ ಅಡ್ಡ ಇಟ್ಟುಕೊಂಡ.

'ಯುದ್ಧಕಾಲದಲ್ಲಿ ನೂಲಿಗೆ ಕಾರ್ಡು ಬಂತು. ಓಡುವ ಮಗ್ಗಕ್ಕೆ ಮಾತ್ರ ನೂಲು. ನಮ್ಮ ಬೀದಿಗೆ ಮೂವತ್ತು ಮಗ್ಗದ ನೂಲು ಎಂದು ಗೊತ್ತು ಮಾಡಿದ್ದರು. ನಮ್ಮ ಅವ್ವ ಕನ್ನಿಯಮ್ಮಾಳ್ ಅವರ ಗಂಡ ಜ್ವರದಲ್ಲಿ ತೀರಿಕೊಂಡು ಐದು ದಿನವಾಗಿತ್ತು. ನಮ್ಮವರಲ್ಲಿ ಸಾವಾದ ಮನೆಯ ಮಗ್ಗವನ್ನು ಹನ್ನೊಂದು ದಿನ ಮುಟ್ಟುವ ಹಾಗಿಲ್ಲ. ಹಾಸುನೂಲು ಅರ್ಧ ನೇಯ್ದಲ್ಲೇ ನಿಂತಿರುತ್ತದೆ, ಲಾಳಿ ಹಾಗೇ ಇರುತ್ತದೆ. ವಿಧವೆ ಒಳಮೂಲೆಯಲ್ಲಿ ಕೂತಿರಬೇಕು, ಹೊರಗಿನವರೆದುರು ಮಾತಾಡಬಾರದು. ಆರನೆಯ ದಿನ ಎಣಿಸುವ ಅಧಿಕಾರಿ ಬಂದರು. ಬೀದಿಯ ಯಜಮಾನರಿಗೆ ಎಲ್ಲ ಗೊತ್ತಿತ್ತು. ಅವರು ಆಗ ತಾನೇ ಹೊಸ ಮಗ್ಗ ಹೂಡಿದ್ದರು. ಅದು ಮೂವತ್ತೊಂದನೆಯದು.'

ಕಾಲ ಕೆಳಗಿನ ನೆಲ ಹಸಿಮಣ್ಣಾಯಿತು. ಕನ್ನಿಯಮ್ಮಾಳ್ ಮನೆ, ನೂಲಿಗೆ ಹಾಕುವ ಹುಣಸೆಬೀಜದ ಗಂಜಿಯ ವಾಸನೆ. ಗುಂಡಿಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಡದೆ ಅಂಚಿನಲ್ಲಿ ನಿಂತಿದ್ದಾನೆ, ಏಳು ವರ್ಷ, ಅಪ್ಪನ ಪಂಚೆಯ ತುದಿ ಹಿಡಿದು. ಅಪ್ಪ ಸೆಲ್ಲಪ್ಪನ್ ಬೀದಿಯ ಯಜಮಾನ. ಖಾಕಿ ಚಡ್ಡಿಯ ಆಫೀಸರನ ಕೈಯಲ್ಲಿ ಉದ್ದ ನೋಟ್‌ಬುಕ್ಕು. ಹಾಸು ಇದೆ, ಲಾಳಿ ಇದೆ, ನೇಯುವವರು ಎಲ್ಲಿ ಎಂದು ಕೇಳುತ್ತಾನೆ. ಅಪ್ಪ ಸುಮ್ಮನೆ ಇದ್ದಾರೆ. ಬಾಗಿಲಲ್ಲಿ ನಿಂತ ಬೀದಿಯವರೆಲ್ಲ ಸುಮ್ಮನೆ ಇದ್ದಾರೆ. ಆಫೀಸರ್ ಬಗ್ಗಿ, ಒಳ್ಳೆಯವನೇ ಪಾಪ, ಅವನ ಕೆನ್ನೆ ಮುಟ್ಟಿ, ಮಕ್ಕಳು ಸುಳ್ಳು ಹೇಳುವುದಿಲ್ಲ, ನೀನು ಹೇಳು ತಂಬಿ, ಈ ಮಗ್ಗ ನಿನ್ನೆ ಓಡಿತಾ, ಮೊನ್ನೆ ಓಡಿತಾ ಎನ್ನುತ್ತಾನೆ. ಅವನು ನಿಜವಾಗಿಯೂ ಯೋಚನೆ ಮಾಡುತ್ತಾನೆ. ನಿನ್ನೆ ಓಡಲಿಲ್ಲ. ಮೊನ್ನೆಯೂ ಓಡಲಿಲ್ಲ. ಇಲ್ಲ ಸಾರ್, ಓಡಲಿಲ್ಲ ಎಂದು ಪಾಠ ಒಪ್ಪಿಸುವಂತೆ ಜೋರಾಗಿ ಹೇಳುತ್ತಾನೆ. ಒಳಮೂಲೆಯ ಕತ್ತಲಲ್ಲಿ ಏನೋ ಅಲುಗಾಡುತ್ತದೆ, ಬಳೆಯ ಸದ್ದು ಬರಬೇಕಾಗಿತ್ತು, ಬರುವುದಿಲ್ಲ. ಆಫೀಸರ್ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆಯುತ್ತಾನೆ. ಪೇಪರಿನಲ್ಲಿ ಅವಳು ಬರೆದಿದ್ದಳು: 'ಯಜಮಾನರ ಚಿಕ್ಕ ಮಗ ಮಗ್ಗ ಓಡಲಿಲ್ಲ ಎಂದು ಹೇಳಿದ. ಮಗು ಸುಳ್ಳು ಹೇಳಲಿಲ್ಲ, ಆ ದಿನ ಅಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಅದೇ ಕಷ್ಟ ಎಂದು ಅವ್ವ ಈಗಲೂ ಹೇಳುತ್ತಾರೆ.'

ಎರಡು ಸಲ ಓದಿದ. ಮೂರನೆಯ ಸಲ ಅಕ್ಷರ ಕಾಣಲಿಲ್ಲ. ಹನ್ನೆರಡನೆಯ ದಿನ ಆ ಅವ್ವ ಮಗ್ಗಕ್ಕೆ ಕೂತರಂತೆ. ಇದ್ದ ಅರ್ಧ ಹಾಸು ನಾಲ್ಕು ದಿನಕ್ಕೆ ಮುಗಿಯಿತು, ಮುಂದೆ ನೂಲು ಇಲ್ಲ. ನೂಲಿಲ್ಲದ ಮಗ್ಗವನ್ನು ತಿಂಗಳಿಡೀ ತುಳಿದರಂತೆ, ಬರಿ ಹಲಗೆ, ಬರಿ ಲಾಳಿ. ಆಫೀಸರ್ ಮತ್ತೆ ಬಂದರೆ ಬೀದಿಯ ತುದಿಯಲ್ಲೇ ಅವನಿಗೆ ಸದ್ದು ಕೇಳಲಿ ಎಂದು. ಆ ಸದ್ದು ಲಿಂಗಪ್ಪನ್‌ಗೆ ಗೊತ್ತು. ಗೊತ್ತಿತ್ತು ಎಂಬುದು ಈಗ ಗೊತ್ತಾಯಿತು. ಬಟ್ಟೆ ಇರುವ ಮಗ್ಗದ ಏಟು ಮೆತ್ತಗೆ, ಆ ಮನೆಯದು ಮಾತ್ರ ಒಣ ಮರಕ್ಕೆ ಒಣ ಮರ ಬಡಿದಂತೆ. ಹುಡುಗರೆಲ್ಲ ಅದಕ್ಕೆ ತಾಳ ಹಾಕಿಕೊಂಡು ಕುಣಿದಿದ್ದರು. ಅವನೂ ಕುಣಿದಿದ್ದ. ಆಮೇಲೆ ಅವ್ವ ಮಿಲ್ಲಿಗೆ ಹೋದರು ಎಂದು ಪೇಪರು ಹೇಳುತ್ತಿತ್ತು. ಅಲ್ಲಿ ಹೆಂಗಸರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಮನೆಗೆ ಹೊರಡುವಾಗ ಸೀರೆ ಒದರಿ ತೋರಿಸಬೇಕಾಗಿತ್ತು, ನೂಲು ಕದ್ದಿಲ್ಲವೆಂದು. ಏಳನೆಯ ಅಂಶ, ಹೆಂಗಸರು ಕಾರ್ಖಾನೆಗೆ ಹೋದದ್ದು, ಆತ್ಮಗೌರವ. ಲಿಂಗಪ್ಪನ್‌ಗೆ ತಾನು ಟೈಪ್ ಮಾಡಿದ ಆ ಹಾಳೆಯನ್ನು ಮುದುಡಿ ಎಸೆಯಬೇಕೆನಿಸಿತು. ಕೊನೆಯ ಸಾಲು ಹೀಗಿತ್ತು: 'ಇಂಗ್ಲೆಂಡಿನಲ್ಲಿ ಯುದ್ಧ ಮುಗಿದ ಕೂಡಲೇ ಜನ ವೋಟು ಹಾಕಿ ಆಳುವವರನ್ನು ಬದಲಿಸಿದರು. ನಮ್ಮ ಬೀದಿಯಲ್ಲಿ ಅದೇ ಯಜಮಾನರು ಇನ್ನೂ ಹದಿನೆಂಟು ವರ್ಷ ಯಜಮಾನರಾಗಿದ್ದರು.' ಅವನು ಪೇಪರಿನ ಅಂಚಿನಲ್ಲಿ ಹದಿನಾಲ್ಕು ಎಂದು ಬರೆದ. ಇಪ್ಪತ್ತೆರಡು ವರ್ಷದಲ್ಲಿ ಈ ಪ್ರಶ್ನೆಗೆ ಅವನು ಯಾರಿಗೂ ಹನ್ನೆರಡರ ಮೇಲೆ ಕೊಟ್ಟಿರಲಿಲ್ಲ.

"ಏನು ಲಿಂಗಪ್ಪನ್, ಕಾಲು ಗಂಟೆಯಿಂದ ಒಂದೇ ಪೇಪರು?" ಗೋಪಾಲಸಾಮಿಯವರು ಬೆನ್ನ ಹಿಂದೆ ನಿಂತಿದ್ದರು. ಮೊಣಕೈ ತೆಗೆಯುವಷ್ಟರಲ್ಲಿ ಪೇಪರು ಅವರ ಕೈಗೆ ಹೋಗಿತ್ತು. ನಿಂತಲ್ಲೇ ಒಂದು ಪುಟ ಓದಿದರು, ಎರಡನೆಯದನ್ನು ಮಗುಚಿದರು, ಕನ್ನಡಕವನ್ನು ಹಣೆಗೇರಿಸಿ ನಕ್ಕರು. "ಎಲ್ಲರೂ ಸ್ವಲ್ಪ ಕೇಳಿ. ಪ್ರಶ್ನೆ ಬ್ರಿಟಿಷರ ಜನಜೀವನ. ಉತ್ತರ, ನಮ್ಮ ಅವ್ವ ನೂಲಿಲ್ಲದ ಮಗ್ಗವನ್ನು ತುಳಿದರು!" ಇಡೀ ಹಾಲ್ ಗೊಳ್ಳೆಂದಿತು. ಬೆಳಿಗ್ಗೆಯಿಂದ ಅದದೇ ಉತ್ತರ ಓದಿ ಬೇಸತ್ತವರು, ನಗಲು ಒಂದು ನೆಪ ಬೇಕಾಗಿತ್ತು. ಪಕ್ಕದ ಮೇಜಿನ ಕುಪ್ಪುಸಾಮಿ ಬಾಯಿಗೆ ಕರವಸ್ತ್ರ ಹಿಡಿದ. ಲಿಂಗಪ್ಪನ್ ಕೂಡ ನಕ್ಕ. ಪೂರ್ತಿ ನಗೆಯಲ್ಲ, ಎಡಗಡೆಯ ತುಟಿ ಮಾತ್ರ ಒಂದಿಷ್ಟು ಮೇಲೆ ಹೋಗಿ ನಿಂತಿತು, ಆದರೆ ಅದು ನಗೆಯೇ, ಅದನ್ನು ಬೇರೆ ಏನೆಂದೂ ಕರೆಯಲು ಬರುವುದಿಲ್ಲ. ಹೋಗಿದ್ದು ಗೊತ್ತಾದ ಮೇಲೂ ಇಳಿಸಲಾಗಲಿಲ್ಲ. ಚೀಫ್ ಹದಿನಾಲ್ಕರ ಮೇಲೆ ಹಸಿರು ಗೆರೆ ಎಳೆದು, ಪಕ್ಕದಲ್ಲಿ ದೊಡ್ಡ ಸೊನ್ನೆ ಸುತ್ತಿದರು. "ಪ್ರಶ್ನೆಗೆ ಸಂಬಂಧವಿಲ್ಲ ಅಂತ ಬರೆದಿದ್ದೀನಿ. ಬೇರೆ ಉತ್ತರಗಳನ್ನು ನೋಡಿ ಮುಗಿಸಿ, ಮಧ್ಯಾಹ್ನ ತಂದು ಸೈನ್ ಹಾಕಿ. ಕೀ ಬರೆದವರೇ ಹೀಗೆ ಸಡಿಲ ಬಿಟ್ಟರೆ ಬೇರೆಯವರು ಏನು ಮಾಡಬೇಕು ಸಾರ್?"

ಊಟಕ್ಕೆ ಕ್ಯಾಂಟೀನಿನ ಹಿಂದಿನ ಬೇವಿನ ನೆರಳಿಗೆ ಹೋದರು. ಕುಪ್ಪುಸಾಮಿ ಅನ್ನೂರಿನವನು, ಹದಿನೈದು ವರ್ಷದಿಂದ ಜೊತೆಯಲ್ಲಿ ತಿದ್ದುತ್ತ ಬಂದವನು. ಒಳ್ಳೆಯವನು, ಯಾವ ಜಗಳವನ್ನೂ ಹತ್ತಿರ ಬರಗೊಡದವನು. ಲಿಂಗಪ್ಪನ್ ಡಬ್ಬಿ ಬಿಚ್ಚಲಿಲ್ಲ. ಎಲ್ಲರೂ ನಕ್ಕದ್ದಕ್ಕೆ ಅವನ ಮೈ ಉರಿಯುತ್ತಿತ್ತು, ತಾನು ನಕ್ಕದ್ದಕ್ಕೆ ಇನ್ನೂ ಹೆಚ್ಚು.

"ಇದರಲ್ಲಿ ಸಂಬಂಧ ಇಲ್ಲ ಅನ್ನೋದು ಯಾವುದು? ಯುದ್ಧ ಅವರದು, ನೂಲು ತಗೊಂಡವರು ಅವರು. ಲಂಡನ್ನಿನ ಹೆಂಗಸಿನ ಕಾಲುಚೀಲದ ಕೂಪನ್ನಿಗೆ ಮಾರ್ಕು ಕೊಡ್ತೀವಿ. ಹೌದಾ? ಅದೇ ಯುದ್ಧಕ್ಕೆ ಇಲ್ಲೊಬ್ಬಳ ಮಗ್ಗ ನಿಂತರೆ ಸೊನ್ನೆ!" ಎಂದ. ದನಿ ತನಗೇ ಅಪರಿಚಿತವಾಗಿತ್ತು. ಇಪ್ಪತ್ತೆರಡು ವರ್ಷ ಪಾಠ ಹೇಳಿದವನು, ಸೋಮನೂರಿನ ಮಗ್ಗದ ಬೀದಿಗಳಿಂದ ಬಂದ ಮಕ್ಕಳೇ ಮುಂದೆ ಕೂತಿರುತ್ತಿದ್ದರು, ಒಂದು ದಿನ, ಒಂದೇ ಒಂದು ದಿನ, ನೂಲಿನ ಕಾರ್ಡಿನ ಮಾತೆತ್ತಿದ್ದನೇ? ಯಾಕೆ ಎತ್ತಲಿಲ್ಲ? ಸಿಲಬಸ್ಸಿನಲ್ಲಿ ಇರಲಿಲ್ಲ ಎಂದಲ್ಲ. ಆ ಕಾರ್ಡು ಅವನ ಮನೆಯ ಗೋಡೆಯಲ್ಲಿ ಮೊಳೆಗೆ ನೇತಾಡುತ್ತಿತ್ತು.

"ಸಾರ್, ಮೆಲ್ಲಗೆ," ಎಂದ ಕುಪ್ಪುಸಾಮಿ. "ನಿಮಗೆ ಆ ಹುಡುಗಿ ಪಾಸಾಗಬೇಕು, ಅಷ್ಟೇ ತಾನೆ? ಬೇರೆ ನಾಲ್ಕು ಉತ್ತರ ಇನ್ನೂ ತಿದ್ದಿಲ್ಲವಲ್ಲ. ಒಂದೊಂದಕ್ಕೂ ಎರಡು ಮೂರು ಕೈ ಬಿಟ್ಟು ಹಾಕಿ. ನಲವತ್ತಕ್ಕೆ ತಂದು ನಿಲ್ಲಿಸಿ. ಚೀಫ್ ನೋಡಿದ್ದು ಅದೊಂದೇ ಉತ್ತರ. ಅವರ ಸೊನ್ನೆಗೆ ಸೈನ್ ಹಾಕಿಬಿಡಿ, ಅವರಿಗೂ ಖುಷಿ. ಹುಡುಗಿಗೆ ಡಿಗ್ರಿ. ಯಾವ ಉತ್ತರಕ್ಕೆ ಎಷ್ಟು ಬಂತು ಅಂತ ಅವಳಿಗೇನು ಗೊತ್ತಾಗುತ್ತೆ?"

"ಜಗಳ ಆಡಿದರೆ?"

"ಆಡಿದರೆ ಅವರು ಪೇಪರನ್ನ ಪೂರ್ತಿ ಮೊದಲಿಂದ ತಿದ್ದುತ್ತಾರೆ. ಅವರ ಕೈ ನಿಮಗೆ ಗೊತ್ತಲ್ಲ. ಊಟ ಮಾಡಿ ಸಾರ್."

ಊಟ ಮಾಡಿದ. ಮೊಸರನ್ನ, ಹೆಂಡತಿ ರುಕ್ಮಣಿ ಹಾಕಿಕೊಟ್ಟ ಮಾವಿನಕಾಯಿ ಚೂರು. ಹಸಿವಾಗಿತ್ತು ಎಂಬುದೇ ಒಂದು ಅವಮಾನವೆನಿಸಿತು. ಮೇಜಿಗೆ ಮರಳಿ ಉಳಿದ ನಾಲ್ಕು ಉತ್ತರ ಓದಿದ. ಸಾಧಾರಣ, ಗೈಡಿನಿಂದ ಬಾಯಿಪಾಠ ಮಾಡಿ ನಡುವೆ ಮರೆತದ್ದು. ಎಂಟು, ಏಳು, ಆರು, ಎಂಟು ಬರಬೇಕಾದಲ್ಲಿ ಹನ್ನೊಂದು, ಹತ್ತು, ಒಂಬತ್ತು, ಹತ್ತು ಹಾಕಿದ. ನಲವತ್ತು. ಅವಳು ತನಗೆ ಗೊತ್ತಿದ್ದದ್ದನ್ನು ಬರೆದದ್ದಕ್ಕೆ ಸೊನ್ನೆ, ಗೊತ್ತಿಲ್ಲದ್ದನ್ನು ತಡವರಿಸಿದ್ದಕ್ಕೆ ನಲವತ್ತು. ಒಂದೊಂದು ಅಂಕ ಏರಿಸುವಾಗಲೂ ತಾನು ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡ. ಅಪ್ಪನೂ ಹಾಗೇ ಎಂದುಕೊಂಡಿರಬೇಕು. ಆ ವರ್ಷ ಕನ್ನಿಯಮ್ಮಾಳ್ ಮನೆಗೆ ಅಪ್ಪ ರಾಗಿ ಕಳಿಸಿದ್ದರು, ಮೊರದಲ್ಲಿ ಹೊತ್ತು ಹೋಗಿ ಕೊಟ್ಟವನು ಅವನೇ. ಒಳಗಿನಿಂದ ಬಂದ ಕೈ ರಾಗಿ ಸುರಿದುಕೊಂಡು ಮೊರ ಹಿಂದಕ್ಕೆ ಕೊಟ್ಟಿತ್ತು. ಮುಖ ಕಂಡಿರಲಿಲ್ಲ.

ಚೀಫಿನ ಮೇಜಿನ ಮುಂದೆ ಸಾಲಿತ್ತು. ನಾಲ್ವರ ಹಿಂದೆ ನಿಂತ. ನಿಂತಷ್ಟೂ ಹೊತ್ತು ಒಳಗೇ ವಾದ ಮಾಡಿದ, ಒಂದಕ್ಕಿಂತ ಒಂದು ಚೆನ್ನಾದ ಮಾತು. ಯುದ್ಧ ಎಲ್ಲಿ ನಡೆಯಿತು ಎಂಬುದರ ಜೊತೆಗೆ ಯಾರ ಮನೆಯೊಳಗೆ ನಡೆಯಿತು ಎಂಬುದೂ ಇತಿಹಾಸವೇ ಸಾರ್, ಎಣಿಸುವವನನ್ನು ಇಂಗ್ಲೆಂಡಿನಲ್ಲಿ ಕಂಡರೆ ಎರಡನೆಯ ಅಂಶ, ನಮ್ಮ ಬೀದಿಯಲ್ಲಿ ಕಂಡರೆ ತಪ್ಪು ಉತ್ತರವೇ ಸಾರ್, ನೀವು ನಕ್ಕಿರಲ್ಲ, ಆ ಮಗ್ಗದ ಸದ್ದು ನೀವು ಕೇಳಿದ್ದೀರಾ ಸಾರ್. ಅವನ ಸರದಿ ಬಂತು.

ಗೋಪಾಲಸಾಮಿಯವರು ಮುಖಪುಟದ ಒಟ್ಟು ಮೊತ್ತ ನೋಡಿದರು. ಹಸಿರು ಪೆನ್ನಿನಿಂದ ಆ ನಲವತ್ತನ್ನು ಮೆತ್ತಗೆ ತಟ್ಟಿದರು. "ಸರಿಯಾಗಿ ನಲವತ್ತು," ಎಂದರು.

"ಹೌದು ಸಾರ್."

"ಇವಳ ಇತರ ಉತ್ತರಗಳು ಅಷ್ಟು ಚೆನ್ನಾಗಿವೆಯಾ? ನಾನೂ ಒಂದು ಸಲ ನೋಡಲಾ?"

ಲಿಂಗಪ್ಪನ್ ಹಸಿರು ಪೆನ್ನಿನ ತುದಿಯನ್ನೇ ನೋಡಿದ. ಹಿಂದೆ ನಿಂತವನ ಉಸಿರು ಕುತ್ತಿಗೆಗೆ ತಾಗುತ್ತಿತ್ತು.

ಚೀಫ್ ಅವನನ್ನು ಒಮ್ಮೆ ದಿಟ್ಟಿಸಿ, ಬೇಡವೆನ್ನುವಂತೆ ಕೈಯಾಡಿಸಿ, ಆ ಉತ್ತರದ ಪುಟಕ್ಕೆ ತಿರುಗಿಸಿದರು. ಅವರ ದನಿಯಲ್ಲಿ ಈಗ ಗೇಲಿ ಇರಲಿಲ್ಲ, ಒಂದು ಬಗೆಯ ದಯೆಯೇ ಇತ್ತು. "ನಾನು ಹೇಳಿದೆ ಅಂತ ಬೇಡ. ಕೀ ನಿಮ್ಮದು. ನೀವೇ ಹೇಳಿ ಲಿಂಗಪ್ಪನ್, ನೀವು ಸುಳ್ಳು ಹೇಳುವವರಲ್ಲ. ಇದರಲ್ಲಿ ಪ್ರಶ್ನೆಗೆ ಉತ್ತರ ಇದೆಯಾ, ಇಲ್ಲವಾ?"

ಇದೆ ಎಂದರೆ ಸೊನ್ನೆ ಹೋಗುವುದಿಲ್ಲ, ಪೆನ್ನು ಉಳಿದ ಉತ್ತರಗಳಿಗೆ ಹೋಗುತ್ತದೆ, ಹನ್ನೊಂದು ಎಂಟಾಗುತ್ತದೆ, ಹತ್ತು ಏಳಾಗುತ್ತದೆ, ಆ ಹುಡುಗಿಯ ಮೂರು ವರ್ಷ ಮತ್ತು ಮೂರು ಪರೀಕ್ಷೆ ಈ ಮೇಜಿನ ಮೇಲೆ ಮುಗಿಯುತ್ತವೆ. ಅಂಕ ಏರಿಸಿದಾಗಲೇ ಅವನು ತನ್ನ ಬಾಯನ್ನು ತಾನೇ ಹೊಲಿದುಕೊಂಡಿದ್ದ. ಅವಳಿಗಾಗಿ ಎಂದು ಒಂದು ಮನಸ್ಸು ಹೇಳಿತು. ಇನ್ನೊಂದು ಮನಸ್ಸು, ಅದಕ್ಕೆ ಏಳು ವರ್ಷ, ಅಪ್ಪನ ಪಂಚೆ ಹಿಡಿದುಕೊಂಡಿತ್ತು.

"ಇಲ್ಲ ಸಾರ್," ಎಂದ.

"ಹಾಗಾದರೆ ಬರೆಯಿರಿ."

ಸೊನ್ನೆಯ ಪಕ್ಕದಲ್ಲಿ 'ಒಪ್ಪಿದೆ' ಎಂದು ಬರೆದು ರುಜು ಹಾಕಿದ. ರುಜು ಎಂದಿನಂತೆಯೇ ಅಂದವಾಗಿ ಬಂತು. ಕುಪ್ಪುಸಾಮಿ ದೂರದಿಂದಲೇ ಹೆಬ್ಬೆರಳೆತ್ತಿ ತೋರಿಸಿದ. ನಾಲ್ಕು ಗಂಟೆಗೆ ಎಲ್ಲರಿಗೂ ಚಹಾ, ಬೋಂಡಾ ಬಂತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸೂಲೂರು ದಾಟುವವರೆಗೂ ಅವನು ಬೈಯುತ್ತಲೇ ಇದ್ದ, ತುಟಿ ಅಲುಗಿಸದೆ. ಗೋಪಾಲಸಾಮಿಯನ್ನು ಬೈದ, ಹಾಲಿನಲ್ಲಿ ನಕ್ಕವರನ್ನು ಬೈದ, ಯಾರದೋ ಯುದ್ಧಕ್ಕೆ ಇಲ್ಲಿ ನೂಲು ಅಳೆದ ಸರ್ಕಾರವನ್ನು ಬೈದ. ಅಂಥ ಆಫೀಸರಿಗೆ ಸಾವಿನ ಮನೆ ಯಾವುದು, ಬದುಕಿನ ಮನೆ ಯಾವುದು ಎಂದು ಕೇಳಬೇಕೆಂದೂ ತೋರಲಿಲ್ಲವಲ್ಲ! ಬೀದಿಯ ಅಷ್ಟು ಜನ ಗಂಡಸರು, ಒಬ್ಬನಾದರೂ ಬಾಯಿ ಬಿಟ್ಟನೇ? ಆದರೆ ಎಷ್ಟು ಬೈದರೂ ಆ ಬೈಗುಳದ ಸಾಲು ಸುತ್ತಿ ಬಂದು ಅವನ ಕಾಲ ಬುಡದಲ್ಲೇ ನಿಲ್ಲುತ್ತಿತ್ತು. ಏಳು ವರ್ಷದವನಿಗೆ ತಿಳಿಯಲಿಲ್ಲ ಎಂದುಕೊಳ್ಳಬಹುದು. ಐವತ್ತು ವರ್ಷದವನಿಗೆ ಏನೆಂದುಕೊಳ್ಳುವುದು? ಎರಡು ಸಲವೂ ನಿಜವನ್ನೇ ಹೇಳಿದ್ದ. ನಿನ್ನೆ ಓಡಲಿಲ್ಲ. ಕೀಯಲ್ಲಿ ಇಲ್ಲ. ಎರಡು ಸಲವೂ ಕೇಳಿದವನು ಒಳ್ಳೆಯ ಮಾತಲ್ಲೇ ಕೇಳಿದ್ದ.

ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಬೀದಿಯ ಶೆಡ್ಡುಗಳಲ್ಲೆಲ್ಲ ಪವರ್‌ಲೂಮು ಬಡಿಯುತ್ತಿದ್ದವು. ಸೋಮನೂರಿನಲ್ಲಿ ಆ ಸದ್ದಿನ ನಡುವೆಯೇ ಜನ ಮಾತಾಡುತ್ತಾರೆ, ನಿದ್ದೆ ಮಾಡುತ್ತಾರೆ, ಮಕ್ಕಳನ್ನು ಹೆರುತ್ತಾರೆ. ತಾಯಿ ವಳ್ಳಿಯಮ್ಮ ನಡುಮನೆಯಲ್ಲಿ ಕಾಲು ಚಾಚಿ ಕೂತು ಹುರುಳಿ ಕೇರುತ್ತಿದ್ದಳು. ಅವನು ಚಪ್ಪಲಿ ಬಿಟ್ಟು ಜಗಲಿಯಲ್ಲೇ ಕೂತ.

"ಅಮ್ಮಾ, ಕನ್ನಿಯಮ್ಮನ ಮಗ್ಗ ನೆನ್ಪದ್ಯಾ ನಿಂಗೆ? ನೂಲ್ ಕಾರ್ಡ್ ಕಾಲ್ದಾಗೆ?" ಎಂದು ಕೂಗಿ ಕೇಳಿದ.

"ಯಾಕಿಲ್ದೆ?" ಮೊರದ ಸದ್ದು ನಿಲ್ಲಲಿಲ್ಲ. "ಅವುಳ್ ನೂಲ್ ನಮ್ ಕಾರ್ಡ್ಗೆ ಬಂತು. ಅದ್ರಾಗೇ ನಿಂಗೆ ಇಸ್ಕೂಲ್ಗೆ ತೊಟ್ಕೊಳ್ಳೋ ಸಟ್ಟೆ ನೇಯ್ದ್ರು ನಿಮ್ಮಪ್ಪ. ಬೀದಿಗೆಲ್ಲ ನಿಂದೊಂದೇ ಬೆಳ್ಳನೆ ಸಟ್ಟೆ."

ಅವನು ತನ್ನ ಅಂಗಿಯ ತೋಳು ನೋಡಿಕೊಂಡ.

"ಎಲ್ರೂ ನಿನ್ನ ಎತ್ತಿ ಮುದ್ದಾಡಿದ್ರು, ನನ್ ಕಣ್ಣು. ಸೆಲ್ಲಪ್ಪನ್ ಮಗ ಸುಳ್ ಹೇಳಲ್ಲ, ಪಾಠ ಹೇಳೋ ದೊಡ್ಡ ವಾದ್ಯಾರ್ ಆಗ್ತಾನೆ ಅಂದ್ರು. ಆದ್ಯಲ್ಲ!" ಹುರುಳಿಯ ಹೊಟ್ಟು ಊದಿದಳು. "ಅವುಳ್ ಮೊಮ್ಮಗ್ಳು ಮಲ್ಲಿಗಾ ಅಂತ, ಕಾಲೇಜ್ ಓದ್ತಾಳಂತೆ. ಇಂಗ್ಲೆಂಡ್ ಪೇಪರ್ ಒಂದೇ ಬಾಕಿಯಂತೆ. ನಿಂಗೊಂದ್ ಮಾತ್ ಹೇಳು ಅಂತ ನಾನೇ ಅಂದೆ, ಕನ್ನಿಯಮ್ಮ ಒಪ್ಲಿಲ್ಲ. ಯಜ್ಮಾನ್ರ ಮನೇನ ಕೇಳೋದ್ ಬೇಡ, ಅವುಳ್ಗೆ ಏನ್ ಗೊತ್ತೋ ಅದ್ನ ಬರ್ದ್ ಪಾಸಾಗ್ಲಿ ಅಂದ್ಳು."

ಬರೆದಳು, ಪಾಸಾದಳು ಎಂದುಕೊಂಡ. ಬರೆದದ್ದಕ್ಕಲ್ಲ. ಫಲಿತಾಂಶ ಬಂದ ದಿನ ಅವರ ಮನೆಯಲ್ಲಿ ಸಕ್ಕರೆ ಹಂಚುತ್ತಾರೆ, ಈ ಮನೆಗೂ ಬರುತ್ತದೆ, ಅವ್ವನ ಮಾತು ಅಷ್ಟು ದೊಡ್ಡವರು ಓದಿ ಒಪ್ಪಿದರು ಎಂದು ಆ ಹುಡುಗಿ ಬದುಕಿಡೀ ನಂಬಿರುತ್ತಾಳೆ. ಆ ಸಕ್ಕರೆಯನ್ನು ಅವನು ಬಾಯಿಗೆ ಹಾಕಿಕೊಳ್ಳಬೇಕು. ಅವನಿಗೆ ಬಂದದ್ದು ಅಳುವಲ್ಲ, ರೋಷ, ಯಾ‌ರನ್ನಾದರೂ ಹಿಡಿದು ಜಗ್ಗಬೇಕೆನಿಸುವ ರೋಷ, ಹಿಡಿಯಲು ಕೈಗೆ ಸಿಕ್ಕಿದ್ದು ತನ್ನ ಅಂಗಿಯ ತೋಳು ಮಾತ್ರ. ಆಗಲೇ ಕರೆಂಟು ಹೋಯಿತು. ಬೀದಿಯ ಅಷ್ಟೂ ಮಗ್ಗಗಳು ಒಟ್ಟಿಗೆ ನಿಂತವು. ದಿನಕ್ಕೊಮ್ಮೆ ಹೀಗಾಗುತ್ತದೆ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಅವನಿಗೆ ಆ ನಿಶ್ಶಬ್ದದಲ್ಲಿ ಯಾರೋ ಬಗ್ಗಿ ತನ್ನ ಕೆನ್ನೆ ಮುಟ್ಟಿ, ಉತ್ತರಕ್ಕಾಗಿ ಇನ್ನೂ ಕಾಯುತ್ತಿದ್ದಾರೆ ಎನಿಸಿತು. ಎದ್ದು ನಿಂತ. ಖಾಲಿ ಬೀದಿಗೆ ಮುಖ ಮಾಡಿ, ಪಾಠ ಒಪ್ಪಿಸುವವನಂತೆ, ಮನೆಯೊಳಗಿನ ಆ ಮಾತಿನಲ್ಲಿ, ಗಟ್ಟಿಯಾಗಿ ಹೇಳಿದ:

"ಸೂತ್ಕ ಸಾರ್. ಹನ್ನೊಂದ್ ದಿನ ಮಗ್ಗ ಮುಟ್ಬಾರ್ದು. ಹನ್ನೆರಡ್ನೇ ದಿನ ಓಡ್ತದೆ."

ಒಳಗೆ ಮೊರ ನಿಂತಿತು. ಕತ್ತಲಾಗುತ್ತಿದ್ದ ನಡುಮನೆಯಿಂದ ತಾಯಿ ಗಾಬರಿಯಿಂದ ಕೇಳಿದಳು:

"ಯಾರ್ ಮನೇಲಪ್ಪಾ ಸಾವು?"